ಕೊನೆಯ ಎರಡು ಗೂಡುಗಳು

ವಿನೆಗರ್ ಬೆರೆಸಿದ ನೀರಿಗೆ ಬಟ್ಟೆ ಅದ್ದಿ ಹಿಂಡಿ, ಒಟ್ಟೀಲಿಯಾ ತನ್ನ ಗಂಡನ ಶವಪೆಟ್ಟಿಗೆಗೆ ಹತ್ತಿದ ಬೂಷ್ಟನ್ನು ಒರೆಸುತ್ತಿದ್ದಳು. ಸೊಂಟ ಹಿಡಿದುಕೊಂಡಿತ್ತು. ಅರಮನೆಯ ಚರ್ಚಿನ ಕೆಳಗಿನ ಈ ನೆಲಮಾಳಿಗೆಯಲ್ಲಿ ಫಾಲ್ಕೆನ್‌ರೀಟ್ ಡ್ಯೂಕರ ಮನೆತನದವರು ಮುನ್ನೂರು ವರ್ಷಗಳಿಂದ ಸಾಲಾಗಿ ಮಲಗಿದ್ದಾರೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅವರನ್ನೆಲ್ಲ ಒರೆಸಬೇಕಾದವಳು ಮನೆಯ ಸೊಸೆ; ಆಳುಗಳು ನೀರು ತರಬಹುದು, ಪೆಟ್ಟಿಗೆ ಮುಟ್ಟುವಂತಿಲ್ಲ. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದವಳಿಗೆ ಈಗ ಎಪ್ಪತ್ತಾರು. ಅವಳ ನಂತರ ಸೊಸೆ ಯಾರೂ ಬರಲಿಲ್ಲ.

"ಐವತ್ತೇಳು ವರ್ಷ ಒರೆಸಿದ್ರಿ ದೊರೆಸಾನಿ," ಎಂದಳು ಬಕೀಟು ಹಿಡಿದಿದ್ದ ಮುದಿ ಆಳು ಕ್ರೆಸೆಂಜ್. "ಒಬ್ರಾದ್ರೂ ಎದ್ದು, ಸಾಕು ಕೂತ್ಕೊಳಮ್ಮ ಅಂದ್ರಾ?"

"ಬಾಯ್ಮುಚ್ಕೊಂಡು ನೀರು ಬದಲಾಯ್ಸು."

ಗೋಡೆಯಲ್ಲಿ ಪೆಟ್ಟಿಗೆಯಿಡಲು ಖಾಲಿ ಉಳಿದಿದ್ದವು ಎರಡೇ ಗೂಡು. ಒಂದು ಮೈದುನ ಎಗೋನನದು. ಅದಕ್ಕೂ ಗಂಡನ ಪೆಟ್ಟಿಗೆಗೂ ನಡುವಿನದು ಒಟ್ಟೀಲಿಯಾಳದು. ಗಂಡ ತೀರಿಕೊಂಡ ವಾರವೇ ಆ ಗೂಡಿನ ಕಲ್ಲಿನ ಮೇಲೆ ಅವಳ ಹೆಸರನ್ನೂ ಕೆತ್ತಿಸಿಬಿಟ್ಟಿದ್ದರು. ಎಗೋನ್ ಹಿಟ್ಟಿನ ಗಿರಣಿಯವನ ಮಗಳು ರೋಸಾಲಿಯಾಳನ್ನು ಮದುವೆಯಾಗಿ ಹೊಳೆಯಾಚೆಯ ಗಿರಣಿ ಮನೆಯಲ್ಲೇ ಸಂಸಾರ ಹೂಡಿದ್ದ. ಸರಿಸಮ ಕುಲದವಳಲ್ಲವೆಂದು ವಂಶಾವಳಿಯಲ್ಲಿ ಅವಳ ಹೆಸರು ಬರೆಯಲಿಲ್ಲ. ಅವಳು ಸತ್ತಾಗ ಇಲ್ಲಿಗೆ ಬಿಡಲೂ ಇಲ್ಲ; ಹೊಳೆಯಾಚೆಯೇ ಹೂಳಿದರು. ಆರು ವರ್ಷದ ಹಿಂದೆ ಎಗೋನ್ ಒಂದೇ ಸಾಲು ಬರೆದು ಕೇಳಿದ್ದ: ಅತ್ತಿಗೆ, ನಾನು ಸತ್ತ ಮೇಲೆ ಅವಳನ್ನು ನನ್ನ ಪಕ್ಕಕ್ಕೆ ತರಬಹುದೇ?

ಮನೆಯ ಹಿರಿಯಳ ಒಪ್ಪಿಗೆ ಬರಹದಲ್ಲಿ ಬಾರದೆ ಪಾದ್ರಿ ಕಲ್ಲು ತೆಗೆಸುವುದಿಲ್ಲ. ನನ್ನ ಗೂಡನ್ನು ರೋಸಾಲಿಯಾಳಿಗೆ ಕೊಟ್ಟಿದ್ದೇನೆ ಎಂದು ಒಟ್ಟೀಲಿಯಾ ಅವತ್ತೇ ಬರೆದು ಮುದ್ರೆ ಒತ್ತಿದಳು. ಕಳಿಸಲಿಲ್ಲ. ಹದಿನಾರು ಮಂದಿ ಪೂರ್ವಿಕರ ಕುಲ ನೋಡಿ ಒಟ್ಟೀಲಿಯಾಳನ್ನು ಸೊಸೆಯಾಗಿ ತಂದಿದ್ದರು. ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಆರಡಿ ಕತ್ತಲೆಯೊಂದೇ.

"ಹೊಳೆಯಾಚೆ ಚಿಕ್ಕ ದೊರೆಗಳು ಹಬ್ಬ ದಾಟಲ್ವಂತೆ," ಎಂದಳು ಕ್ರೆಸೆಂಜ್. "ನಿನ್ನೆ ಡಾಕ್ಟ್ರ ಗಾಡಿ ಎರಡು ಸಲ ಬಂತು."

ಒಟ್ಟೀಲಿಯಾಳ ಕೈ ನಿಂತಿತು. "ಮಾತಾಡ್ತಾನಾ?"

"ಅರಮನೆಯಿಂದ ಕಾಗದ ಬಂತಾ ಅಂತಾರಂತೆ. ಇನ್ನೇನಿಲ್ಲ." ಕ್ರೆಸೆಂಜ್ ಬಕೀಟು ಕೆಳಗಿಟ್ಟಳು. "ಒಂದ್ಮಾತು ಅಂತೀನಿ, ಬೈಬೇಡಿ. ಬದುಕಿದ್ದಾಗ ದೊರೆಗಳ ಜೊತೆ ಒಂದು ಕೋಣೇಲಿ ಮಲಗಿದ್ದೇ ಕಮ್ಮಿ. ಸತ್ತ ಮೇಲೆ ಪಕ್ಕದಲ್ಲೇ ಬೇಕಾ?"

ಒಟ್ಟೀಲಿಯಾ ಮೆಟ್ಟಿಲ ಮೇಲೆ ಕುಳಿತಳು. ಒದ್ದೆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದಳು:

"ನಿನ್ನ ಜಾಗ ಎಲ್ಲೇ?"

"ಊರ ಸ್ಮಶಾನದಲ್ಲಿ. ನನ್ನ ಗಂಡನ ಮಗ್ಗುಲಿಗೆ."

"ಅಲ್ಲಿ ಇನ್ನೊಬ್ಬಳಿಗೆ ಆಗುತ್ತಾ?"

"ಜಾಗಕ್ಕೇನು ಬರ. ಆದ್ರೆ ಅವ್ನು ಗೊರಕೆ ಹೊಡೀತಾನೆ, ಈಗ್ಲೇ ಹೇಳಿರ್ತೀನಿ."

ಇನ್ನೂ ನಾಲ್ಕು ಪೆಟ್ಟಿಗೆ ಬಾಕಿಯಿದ್ದವು. ಒಟ್ಟೀಲಿಯಾ ಗೋಡೆ ಹಿಡಿದು ಎದ್ದು ಮೇಲೆ ತನ್ನ ಕೋಣೆಗೆ ಹೋದಳು. ಮೇಜಿನ ಖಾನೆಯಿಂದ ಆರು ವರ್ಷದ ಹಿಂದಿನ ಆ ಕಾಗದ ತೆಗೆದಳು; ಮುದ್ರೆ ಒಡೆದು ಓದಲಿಲ್ಲ. ಹೆಬ್ಬಾಗಿಲ ಹತ್ತಿರ ಹಾಲಿನ ಗಾಡಿಯವನು ಕ್ಯಾನುಗಳನ್ನು ಬಿಗಿಯುತ್ತಿದ್ದ. ಎಗೋನನಿಗೆ ತಲುಪಿಸು ಎಂದು ಅವನ ಕೈಗೆ ಕಾಗದ ಕೊಟ್ಟಳು.

"ಗಿರಣಿ ಮನೆಗಾ? ಅಲ್ಲಿಗೆ ನಾನು ಕೊನೇಗೆ ಹೋಗೋದು, ದೊರೆಸಾನಿಯೋರೇ."

"ಇವತ್ತು ಮೊದ್ಲು ಹೋಗು."

ಅವನು ಕಾಗದವನ್ನು ಅಂಗಿಯೊಳಗೆ ಸೇರಿಸಿಕೊಂಡು ಗಾಡಿ ಹತ್ತಿದ. ಸೇತುವೆಯ ಮೇಲೆ ಇನ್ನೂ ಹಿಮವಿತ್ತು; ಕುದುರೆ ಅನುಮಾನಿಸಿ ನಿಂತಿತು. ಅವನು ಇಳಿದು, ಕಡಿವಾಣ ಹಿಡಿದು, ಅದರ ಜೊತೆಗೇ ಮೆಲ್ಲಗೆ ಆಚೆ ದಡಕ್ಕೆ ನಡೆದ.