ಕಸ್ತೂರಿಯ ಬಯಕಿ ಬುತ್ತಿ

ಇಳಕಲ್ಲದ ಸಾವಿತ್ರೆವ್ವ ಮಾಡತಿದ್ದ ಉದ್ಯೋಗ ಎಂಥಾದ್ದು ಅಂತ ಕೇಳಿದರ ಓಣ್ಯಾಗ ಒಬ್ಬರಿಗೂ ಹೇಳಾಕ ಬರತಿರಲಿಲ್ಲ. ಆಗಾಗ ಚಲೋ ಸೀರಿ ಉಟ್ಟು, ಕೈಚೀಲ ಹಿಡಕೊಂಡು ಬಸ್ ಹತ್ತಾಕಿ. ಸಂಜಿಕ ಏನಾರ ಒಂದು ಗಂಟು ತಗೊಂಡು ಇಳಿಯಾಕಿ. "ಎಲ್ಲಿಗೆ ಹೋಗಿದ್ದೆವ್ವ?" ಅಂದರ "ಸಂತಿಗೆ" ಅನ್ನಾಕಿ. ಸೋಮವಾರನೂ ಸಂತಿ, ಶುಕ್ರವಾರನೂ ಸಂತಿ! ಇಂಥಾ ಸಂತಿ ಯಾವೂರಾಗ ಕೂಡತೈತೋ ಅಂತ ಹೆಣಮಕ್ಕಳು ಬಾಯಿಗೆ ಸೆರಗು ಹಿಡಕೊಂಡು ನಗತಿದ್ದರು. ನಗಲಿ ಬಿಡ್ರಿ, ಅವರ ಗಂಟೇನ ಹೋಗತಿತ್ತು.

ಖರೆ ಹೇಳಬೇಕಂದರ ಆಕಿ ಸುಳ್ಳ ಗಿರಾಕಿ. ಸೀರಿ ಸಾವಕಾರ ಗುರಲಿಂಗಪ್ಪನ ಮಾಲು ಬಾಗಲಕೋಟಿ, ಬದಾಮಿ, ಹುನಗುಂದದ ಅಂಗಡಿಗಳಿಗೆಲ್ಲಾ ಹೋಗತಿತ್ತು. ಪವರಲೂಮಿನ ಸೀರಿ ಆಗಷ್ಟ ಬರಾಕ ಹತ್ತಿದ್ದ ಕಾಲ ಅದು, ಎಂಬತ್ತೆರಡು-ಎಂಬತ್ಮೂರನೇ ಇಸವಿ. ಅಂಗಡಿಯವರು ಕೈಮಗ್ಗದ ಸೀರಿಯೊಳಗ ಪವರಲೂಮಿನವು ಬೆರಸಿ, ಎಲ್ಲಾದಕ್ಕೂ ಇಳಕಲ್ಲ ಸೀರಿ ಅಂತ ಹೇಳಿ ಮಾರಿದರ ಹೆಸರು ಕೆಡೂದು ಗುರಲಿಂಗಪ್ಪಂದು. ಅದಕ್ಕ ಸಾವಿತ್ರೆವ್ವ ಗಿರಾಕಿ ಆಗಿ ಹೋಗಬೇಕು. ಗಾದಿ ಮ್ಯಾಲ ಕುಂತು, ಸೀರಿ ಬಿಚ್ಚಿಸಿ, ಚೌಕಾಶಿ ಮಾಡಿ, ಒಂದು ತಗೊಂಡು ಬಂದು ಸಾವಕಾರನ ಮುಂದ ಇಡಬೇಕು. ಯಾರು ಬೆರಸಿ ಕೊಟ್ಟರು, ಯಾರು ಹಳ್ಳಿ ಹೆಣಮಕ್ಕಳಿಗೆ ಕುಂಡರ್ರಿ ಅಂತ ಸೈತ ಅನ್ನಲಿಲ್ಲ, ಎಲ್ಲಾ ಇದ್ದಂಗ ಹೇಳಬೇಕು. ಬರಬರತಾ ಚಹಾಪುಡಿ ಏಜಂಟ ಮಹಮ್ಮದನೂ ಕರಸಿ ಇದ ಕೆಲಸ ಹೇಳಾಕ ಹತ್ತಿದ. ಆಕೀನ ಧಣಿ, ಆಕೀನ ಆಳು. ಯಾರ ಹಂಗೂ ಇಲ್ಲ.

ಹಂಗಿಲ್ಲದ ಬದುಕು ಅಂದರ ಸಾವಿತ್ರೆವ್ವಗ ಎಷ್ಟು ದೊಡ್ಡದು ಅನ್ನೂದು ನಿಮಗ ತಿಳೀಬೇಕು. ಹೊಟ್ಟಿಲೆ ಒಂದೂ ಹುಟ್ಟಲಿಲ್ಲಂತ ಗಂಡ ಅಮಾತೆಪ್ಪ ಎರಡನೇದಾಕಿನ ತಂದಿದ್ದ. ಸವತಿ ಬಸುರಾದ ಮ್ಯಾಲಂತೂ, ಇಕಿ ಕಣ್ಣು ಬೀಳತೈತಂತ ಆಕಿ ಉಣ್ಣು ಮುಂದ ಇಕಿನ್ನ ಹಿತ್ತಲಕ್ಕ ಕಳಸತಿದ್ದರು. ಒಂದಿನ ಹಿತ್ತಲಕ್ಕ ಹೋದಾಕಿ ಹಂಗ ಬಾಗಲ ತಗದು ಹೊರಗ ನಡದುಬಿಟ್ಟಿದ್ದಳು. ಈಗೂ ಅಮಾತೆಪ್ಪ ಹೇಳಿ ಕಳಸತಿದ್ದ: "ಎಲ್ಲಿ ಅಡ್ಡಾಡತಾಳ? ಬಂದು ಮನ್ಯಾಗ ಬಿದ್ದಿರಲಿ, ಕೂಳಿಗೇನ ಕಮ್ಮಿ?" ಈ ಉದ್ಯೋಗ ಇರೂತನಕ ಆಕಿ ಆ ಹೊಸ್ತಲ ತುಳಿಯಬೇಕಾಗಿರಲಿಲ್ಲ. ಇದು ಹೋತಂದರ ಬ್ಯಾರೆ ದಾರಿ ಇರಲಿಲ್ಲ.

ಸುಳ್ಳ ಗಿರಾಕಿಗೆ ಒಂದು ಕತಿ ಬೇಕಲ್ಲ? ಸಾವಿತ್ರೆವ್ವಂದು ಎಲ್ಲಾ ಊರಾಗೂ ಒಂದ ಕತಿ. ಮಗಳ ಲಗ್ನ, ಸೀರಿ ಬೇಕು. ಮಗಳ ಹೆಸರು ಕಸ್ತೂರಿ. ಮೊದಮೊದಲು ಬರೇ ಹೆಸರಿತ್ತು. ಆಮ್ಯಾಲ ಅಂಗಡಿಯವರು ಕೇಳಿದಂಗೆಲ್ಲಾ ಕಸ್ತೂರಿ ಬೆಳಿಯಾಕ ಹತ್ತಿದಳು. ಬಣ್ಣ ಹೆಂಗರಿ? ಗೋದಿ ಬಣ್ಣ. ಎತ್ತರ? ನನಗಿಂತ ಒಂದೀಟು ಜಾಸ್ತಿ. ಹಸಿರು ಅಂದರ ಜೀವ ಬಿಡತಾಳ, ಸಿಟ್ಟು ಬಂದರ ಎರಡು ದಿನ ಮಾತಾಡೂದಿಲ್ಲ. ಬಸ್ಸಿನ್ಯಾಗ ಹೊಳ್ಳಿ ಬರುವಾಗ ತೊಡಿ ಮ್ಯಾಲಿನ ಸೀರಿ ಗಂಟು ಸವರಕೋತ, ಇದು ಕಸ್ತೂರಿಗೆ ಒಪ್ಪತಿತ್ತು ಅಂತ ಖರೇನ ಅನಸತಿತ್ತು. ಹುಚ್ಚಂದರೂ ಅನ್ರಿ. ಬಂಜಿ ಅನಿಸಿಕೊಳ್ಳದ ಹೊತ್ತಂದರ ಆಕಿಗೆ ಅದೊಂದ.

ಬದಾಮಿಯ ಶಂಕ್ರಪ್ಪನ ಅಂಗಡಿ ಮ್ಯಾಲ ಗುರಲಿಂಗಪ್ಪಗ ಸಂಶೇ ಬಂತು. "ಹ್ವಾದ ವರ್ಷ ನೀ ಹೋಗಿದ್ದಿ, ಚೊಕ್ಕ ಇತ್ತು. ಈಗ ಯಾಕೋ ಮಾಲು ಕಮ್ಮಿ ಒಯ್ಯಾಕ ಹತ್ಯಾನ. ಮತ್ತೊಮ್ಮೆ ನೋಡಿ ಬಾ" ಅಂದ. ಹೋದ ಅಂಗಡಿಗೇ ಹೊಳ್ಳಿ ಹೋಗೂದು ಸಾವಿತ್ರೆವ್ವಗ ಮನಸಿರಲಿಲ್ಲ. ಆದರ ವರ್ಷಾತಲ್ಲ, ಯಾರು ನೆನಪಿಡತಾರ ಅಂತ ಹೊಂಟಳು.

ಶಂಕ್ರಪ್ಪಂದು ಸಣ್ಣ ಅಂಗಡಿ, ಹಿಂದ ಮನಿ. ಆತಗ ನೆನಪಿರಲಿಲ್ಲ. "ಬರ್ರಿ ತಂಗಿ, ಕುಂಡರ್ರಿ" ಅಂತ ನೀರು ಕೊಟ್ಟ, ಸೀರಿ ಹರವಿದ. ಹಸಿರು ಮೈ, ಕೆಂಪು ಸೆರಗಿಂದೊಂದು ಸಾವಿತ್ರೆವ್ವ ಎತ್ತಿಕೊಂಡಳು. ಕೈಮಗ್ಗದ ಇಳಕಲ್ಲ ಸೀರಿಗೆ ಸೆರಗು ಬ್ಯಾರೆ, ಮೈ ಬ್ಯಾರೆ. ಮಗ್ಗದ ಮ್ಯಾಲ ಎರಡಕ್ಕೂ ಕೊಂಡಿ ಹಾಕಿ ಕೂಡಿಸಿರತಾರ, ಬೆರಳಾಡಿಸಿದರ ಆ ಜೋಡು ಕೈಗೆ ಹತ್ತತೈತಿ. ಇದರಾಗ ಬೆರಳು ಸರಳ ಜಾರಿ ಹೋತು. ಪವರಲೂಮ್. "ಅಸಲ ಕೈಮಗ್ಗದ್ದರಿ" ಅಂತ ಶಂಕ್ರಪ್ಪ ಕಣ್ಣಾಗ ಕಣ್ಣಿಟ್ಟು ಹೇಳಿದ. ಸಿಕ್ಕಬಿದ್ದೆಲ್ಲೋ ಅಣ್ಣಾ ಅಂತ ಸಾವಿತ್ರೆವ್ವ ಒಳಗೊಳಗ ಅಂದುಕೊಂಡು, ಚೌಕಾಶಿ ಸುರು ಮಾಡಬೇಕು ಅನ್ನೂದರಾಗ, ಒಳಗಿಂದ ಶಂಕ್ರಪ್ಪನ ಹೇಣತಿ ಗುರುಸಿದ್ದವ್ವ ಚಹಾ ತಗೊಂಡು ಬಂದಳು.

ಬಂದಾಕಿ ಬಟ್ಟಲ ಕೈಯಾಗ ಹಿಡಕೊಂಡ ನಿಂತಳು.

"ಯಕ್ಕಾ! ಕಸ್ತೂರಿ ಅವ್ವ ಅಲ್ಲೇನು ನೀನು?"

ಸಾವಿತ್ರೆವ್ವ ಸೆರಗು ಮುಂದಕ್ಕ ಎಳಕೊಂಡಳು.

"ಹ್ವಾದ ವರ್ಷ ಮಗಳ ಲಗ್ನದ ಸೀರಿಗೆ ಬಂದಿದ್ದಿಲ್ಲ? ಶಿರೂರಿಗೆ ಕೊಡತೇವಿ ಅಂದಿದ್ದಿ. ನಾ ಮರತಿಲ್ಲವ್ವ. ಹೆಂಗದಾಳ ಹುಡಿಗಿ? ಏನಾರ ವಿಶೇಷ?"

ಇಲ್ಲ ಅಂದಿದ್ದರ ಮುಗೀತಿತ್ತು. ಆದರ ವರ್ಷಗಟ್ಟಲೆ ಸುಳ್ಳಾಡಿ ಪಳಗಿದ ನಾಲಿಗಿ, ತಡೀತಂದರ ಗುರುತು ಸಿಗತೈತಿ ಅಂತ ತಾನ ಮುಂದ ಓಡಿತು. "ಹೂಂ ಯಕ್ಕಾ. ಏಳು ತಿಂಗಳ ಬಸುರಿ ಅದಾಳ. ಕುಬಸದ ಶಾಸ್ತ್ರಕ್ಕಂತ ಹಸಿರು ಸೀರಿ ನೋಡಾಕ ಬಂದೇನಿ."

ಶಂಕ್ರಪ್ಪನ ಕೈ ಅಲ್ಲೇ ನಿಂತಿತು. ಬಿಚ್ಚಿದ ಸೀರಿ ಸಾವಿತ್ರೆವ್ವನ ಕೈಯಿಂದ ಮೆಲ್ಲಕ ತಗೊಂಡು ಮಡಚಿದ. "ಕುಬಸಕ್ಕ ಇದು ಬ್ಯಾಡ ತಂಗಿ" ಅಂತ ಮಾರಿ ತಗ್ಗಿಸಿಕೊಂಡು ಎದ್ದು, ಮ್ಯಾಲಿನ ಸಾಲಿನಿಂದ ಬ್ಯಾರೆ ಒಂದು ತಗದು ತಂದ. ರೇಟು ಅದ ಅಂದ. ಸಾವಿತ್ರೆವ್ವ ಬೆರಳಾಡಿಸಿದಳು. ಜೋಡು ಕೈಗೆ ಹತ್ತಿತು, ಖರೆ ಕೈಮಗ್ಗದ್ದು. ಊರಿಗೆಲ್ಲಾ ಮೋಸ ಮಾಡಾವ ಬಸುರಿ ಹುಡಿಗಿಗೆ ಮಾಡಲಾರದ ಹ್ವಾದ. ಅದೂ ಯಾವ ಬಸುರಿ? ಹುಟ್ಟೇ ಇಲ್ಲದಾಕಿ!

ಬಡಬಡ ರೊಕ್ಕಾ ಕೊಟ್ಟು ಹೊಂಟರ ಗುರುಸಿದ್ದವ್ವ ಬಿಡವಲ್ಲಳು. ಕೈ ಹಿಡದು ಅಡಗಿ ಮನಿಗೇ ಎಳಕೊಂಡು ಹೋದಳು. "ಸಂಜಿ ಬಸ್ಸಿಗೆ ಹೋಗುವಂತಿ ಕುಂಡರು. ಬಯಕಿ ಬುತ್ತಿ ಕಟ್ಟಿ ಕೊಡತೇನಿ, ಕಸ್ತೂರಿಗೆ ಒಯ್ಯಿ."

"ಅಯ್ಯ, ಬ್ಯಾಡ ಯಕ್ಕಾ, ಯಾಕ ತ್ರಾಸು..."

"ತ್ರಾಸಲ್ಲವ್ವ, ನನಗ ಬೇಕಾಗೈತಿ ಇದು." ಗುರುಸಿದ್ದವ್ವ ಒಲಿ ಮುಂದ ಕುಂತು ಹೂರಣ ರುಬ್ಬಕೋತ ಹೇಳಿದಳು. ಆಕಿ ಮಗಳು ನೀಲವ್ವನ್ನ ಹುನಗುಂದಕ್ಕ ಕೊಟ್ಟಿದ್ದರು. ಲಗ್ನಾಗಿ ಭಾಳ ವರ್ಷಾದರೂ ಹೊಟ್ಟಿ ತುಂಬಿರಲಿಲ್ಲ. "ಅಳಿಯಗ ಎರಡನೇದು ನೋಡಾಕ ಹತ್ತ್ಯಾರಂತ. ಬನಶಂಕರಿಗೆ ಬೇಡಿಕೊಂಡೇನಿ. ಇನ್ನ ಮ್ಯಾಲ ನನ್ನ ಹೊಸ್ತಲಕ್ಕ ಯಾವ ಬಸುರಿ ಸುದ್ದಿ ಮೊದಲ ಬರತೈತಿ, ಆಕಿಗೆ ನನ್ನ ಕೈಯಾರೆ ಮಾಡಿದ ಬಯಕಿ ಉಣಸತೇನಿ, ನನ್ನ ಮಗಳ ಹೊಟ್ಟಿ ತಣ್ಣಗ ಮಾಡು ಅಂತ. ಆ ತಾಯಿನ ನಿನ್ನ ಮಗಳ್ನ ಕಳಸ್ಯಾಳ ನೋಡು."

ಸಾವಿತ್ರೆವ್ವ ಗ್ವಾಡಿಗೆ ಆನಿಸಿಕೊಂಡು ಕುಂತುಬಿಟ್ಟಳು. ಹೋಳಿಗಿ ಬೇಯತಿದ್ದವು, ಎಣಗಾಯಿ ಕುದೀತಿತ್ತು, ಮನಿ ತುಂಬ ಘಮ್ಮಂತ ವಾಸನಿ. ಸುಮ್ಮನ ಬುತ್ತಿ ತಗೊಂಡು ಬಸ್ ಹತ್ತಿದರ ಯಾರಿಗೂ ತಿಳೀತಿರಲಿಲ್ಲ. ಉದ್ಯೋಗ ಉಳೀತಿತ್ತು. ಬಾಯಿ ಬಿಟ್ಟರ ನಾಳೆನ ಬದಾಮಿ ಪ್ಯಾಟಿ ತುಂಬ ಸುದ್ದಿ, ವಾರದಾಗ ಬಾಗಲಕೋಟಿತನಕ. ಮಾರಿ ಗುರುತಾದ ಸುಳ್ಳ ಗಿರಾಕಿನ ಯಾವ ಸಾವಕಾರ ಕಳಸ್ಯಾನು? ಅಮಾತೆಪ್ಪನ ಹಿತ್ತಲ ಬಾಗಲ ಆಕಿ ಕಣ್ಣಮುಂದ ಬಂತು. ಆದರ ನೀಲವ್ವ? ಎರಡನೇದಾಕಿ ಮನಿ ಹೊಕ್ಕ ದಿನ ಹೆಂಗಿರತೈತಿ ಅಂತ ಸಾವಿತ್ರೆವ್ವಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಬ್ಬ ಹೆಣಮಗಳ ಹರಕಿ ತನ್ನ ಸುಳ್ಳಿನ ಬಾಯಾಗ ಹಾಕೂದು? ಥೂ, ಆಗೂದಿಲ್ಲ.

"ಯಕ್ಕಾ, ಒಲಿ ಆರಸು. ನನಗ ಮಗಳಿಲ್ಲ."

ಗುರುಸಿದ್ದವ್ವ ತಿರುಗಿ ನೋಡಿದಳು.

"ಕಸ್ತೂರಿ ಅನ್ನಾಕಿ ಇಲ್ಲ. ಇದ್ದದ್ದೂ ಇಲ್ಲ. ನಾ ಇಳಕಲ್ಲ ಗುರಲಿಂಗಪ್ಪ ಸಾವಕಾರ ಕಳಿಸಿದಾಕಿ, ನಿಮ್ಮ ಅಂಗಡ್ಯಾಗ ಪವರಲೂಮ್ ಮಾರತಾರೇನಂತ ನೋಡಾಕ ಬಂದೇನಿ."

ಬಾಗಲದಾಗ ಬಂದು ನಿಂತಿದ್ದ ಶಂಕ್ರಪ್ಪನ ಮಾರಿ ಸುಣ್ಣದಂಗ ಆತು. ಗುರುಸಿದ್ದವ್ವ ಇಬ್ಬರನ್ನೂ ನೋಡಿದಳು. ಗಂಡನ ಕಡೆ ಹೊಳ್ಳಿದಳು.

"ಹೌದೇನ್ರಿ? ನೀವೂ?" ಅಂದಳು. "ಭಲೇ! ಆತ ಸುಳ್ಳ ಸೀರಿ ಮಾರತಾನ, ನೀ ಸುಳ್ಳ ಮಗಳ್ನ ಹೊತ್ತುಕೊಂಡು ತಿರಗತಿ. ಈ ಮನ್ಯಾಗ ಇವತ್ತ ಖರೆ ಅಂತ ಇದ್ದದ್ದು ನನ್ನ ಹೋಳಿಗಿ ಒಂದ!" ಅಂದಾಕಿ ಸೆರಗು ಮಾರಿಗೆ ಹಿಡಕೊಂಡು ಅತ್ತಳು. "ದಿನಾ ಕಸ್ತೂರಿನ ನೆನಸತಿದ್ದೆನಲ್ಲೇ. ನಮ್ಮ ನೀಲವ್ವನಂಥಾ ಹುಡಿಗಿ, ಗಂಡನ ಮನ್ಯಾಗ ಸುಖದಾಗ ಇರಲಿ ಅಂತ ದೀಪ ಹಚ್ಚತಿದ್ದೆ. ಖರೇನ ಇಲ್ಲೇನು ಆಕಿ?"

"ಇಲ್ಲ ಯಕ್ಕಾ" ಅಂದಳು ಸಾವಿತ್ರೆವ್ವ. ಅಂದಮ್ಯಾಲ ಆಕಿಗೂ ತಡಕೊಳ್ಳಾಕ ಆಗಲಿಲ್ಲ. ಇಷ್ಟು ವರ್ಷ ಕೂಡಿ ಬಾಳಿದ ಹುಡಿಗಿನ ಆಕಿ ಇವತ್ತ ಕಳಕೊಂಡಿದ್ದಳು.

ಶಂಕ್ರಪ್ಪ ಹೊಸ್ತಲ ದಾಟಿ ಒಳಗ ಬಂದ. "ಸಾವಕಾರಗ ಹೇಳತಿಯೇನು ತಂಗಿ?"

"ನಿಮ್ಮದು ನೀವ ಹೋಗಿ ಹೇಳ್ರಿ. ನಂದು ನಾ ಹೇಳಿ ಕೆಲಸ ಬಿಡತೇನಿ."

ಗುರುಸಿದ್ದವ್ವ ಕಣ್ಣು ಒರಸಿಕೊಂಡು ಹೊಳ್ಳಿ ಒಲಿ ಮುಂದ ಕುಂತಳು. ಉಳಿದ ಹೋಳಿಗಿ ಬೇಯಿಸಿ, ಬುಟ್ಟಿ ಕಟ್ಟಿ, ಅದನ್ನ ಎತ್ತಿ ಸಾವಿತ್ರೆವ್ವನ ತಲಿ ಮ್ಯಾಲ ಇಟ್ಟಳು. "ನಡಿ. ಹೊತ್ತು ಮುಳುಗೂದರಾಗ ಒಬ್ಬಾಕಿ ಖರೆ ಬಸುರಿನ ಹುಡುಕೋಣು. ಸುಳ್ಳ ಸುದ್ದಿ ತಂದಾಕಿ ನೀ, ಹೊರೂದೂ ನೀನ."

ಮಹಾಕೂಟದ ದಾರ್ಯಾಗ ರಸ್ತೆ ಕೆಲಸ ನಡದಿತ್ತು. ಖಡಿ ಒಡಿಯೂ ಹೆಣಮಕ್ಕಳೊಳಗ ಒಬ್ಬಾಕಿ ತುಂಬಿದ ಬಸುರಿ, ಬೋರವ್ವ ಅಂತ ಹೆಸರು. ಬ್ಯಾವಿನ ಗಿಡದ ಬುಡಕ ಕುಂಡ್ರಿಸಿ, ಗುರುಸಿದ್ದವ್ವ ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿ, ಬುಟ್ಟಿ ಬಿಚ್ಚಿದಳು. ಕರಿಗಡಬು, ಹೋಳಿಗಿ, ಸಜ್ಜಿ ರೊಟ್ಟಿ, ಎಣಗಾಯಿ, ಮೊಸರನ್ನ. ಹುಡಿಗಿ ಕಣ್ಣರಳಿಸಿ ನೋಡಿತು. ಸಾವಿತ್ರೆವ್ವ ದೂರ ಸರದು, ಬುಟ್ಟಿ ಕಡೆ ಬೆನ್ನು ಮಾಡಿ ನಿಂತಳು.

"ಆಯಿ, ನೀವ್ಯಾಕ ಅತ್ತಾಗ ಹ್ವಾದ್ರಿ? ಬರ್ರಿ" ಅಂದಳು ಬೋರವ್ವ. "ನಿಮಗ ಮಕ್ಕಳೆಷ್ಟರಿ?"

ಬಸ್ಸಿನ್ಯಾಗ, ಅಂಗಡ್ಯಾಗ ಎಲ್ಲಾರೂ ಕೇಳೂ ಮಾತು. ಒಬ್ಬಾಕಿ ಮಗಳು ಅಂತ ಬಾಯಿತನಕ ಬಂತು. ಸಾವಿತ್ರೆವ್ವ ಅದನ್ನ ನುಂಗಿದಳು.

"ನನಗ ಮಕ್ಕಳಿಲ್ಲವ್ವ. ಆಗಲಿಲ್ಲ. ಅದಕ್ಕ ನನ್ನ ಕಣ್ಣು ಬೀಳಬಾರದಂತ ಈ ಕಡೆ ನಿಂತೇನಿ, ನೀ ಉಣ್ಣು."

ಉಳಿದ ಹೆಣಮಕ್ಕಳು ಖಡಿ ಒಡಿಯೂದು ನಿಲ್ಲಿಸಿ ನೋಡಿದರು. ಗುರುಸಿದ್ದವ್ವ ಬುಟ್ಟಿ ಬೋರವ್ವನ ಮುಂದಕ್ಕ ಸರಿಸಿದಳು. ಹರಕಿ ಆಕಿದು, ಆದರ ಊಟ ಬೋರವ್ವಂದು.

ಬೋರವ್ವ ಒಂದು ಹೋಳಿಗಿ ತಗೊಂಡು ಮುರದಳು. ನೆಲಕ್ಕ ಕೈ ಊರಿ ತ್ರಾಸಲೆ ಮ್ಯಾಲೆದ್ದು, ಸಾವಿತ್ರೆವ್ವನ ತನಕ ಬಂದು, ಅರ್ಧ ಹೋಳಿಗಿ ಆಕಿ ಬಾಯಾಗ ಇಟ್ಟಳು. "ಎಷ್ಟೊತ್ತಿಂದ ಹೊತ್ತಕೊಂಡು ಬಂದೀರಿ, ಮೊದಲ ನೀವ ತಿನ್ರಿ" ಅಂದಳು. ಆಮ್ಯಾಲ ಆಕಿ ಕೈ ಹಿಡಕೊಂಡು ಬುಟ್ಟಿ ಹಂತೇಕ ಕರಕೊಂಡು ಹೋಗಿ, ಪಕ್ಕದಾಗ ಕುಂಡ್ರಿಸಿಕೊಂಡು, ಉಳಿದರ್ಧ ತಾ ತಿಂದಳು.