ಚುಕ್ಕಿ ಮೇಷ್ಟ್ರು

ನಾಲ್ಕು ಜನ ಸೇರಿದ ಕೋಣೆಗೆ ಕಾಲಿಟ್ಟರೆ ನಾವೆಲ್ಲ ಮುಖಗಳನ್ನು ನೋಡುತ್ತೇವೆ. ಮೇಷ್ಟ್ರು ಮುಖಗಳ ನಡುವಿನ ಬಯಲನ್ನು ನೋಡುತ್ತಿದ್ದರು. ಯಾರು ಯಾರ ಕಡೆ ತಿರುಗಿ ಮಾತಾಡಿದರು, ಯಾರ ಮಾತಿಗೆ ಯಾರು ಮೊದಲು ನಕ್ಕರು, ಯಾರು ಎದ್ದುಹೋದ ಮೇಲೆ ಹರಟೆ ಸತ್ತಿತು, ಇಷ್ಟೇ ಅವರ ಕಣ್ಣಿಗೆ ಬೀಳುತ್ತಿದ್ದುದು. ಕಪ್ಪುಹಲಗೆಯ ತುಂಬ ಮನುಷ್ಯರನ್ನು ಚುಕ್ಕಿಗಳಾಗಿ ಇಟ್ಟು, ಅವರ ಸಂಬಂಧಗಳನ್ನು ಗೆರೆಗಳಾಗಿ ಎಳೆಯುತ್ತಿದ್ದ ಆ ಗಣಿತದ ಪ್ರಾಧ್ಯಾಪಕರನ್ನು ವಿದ್ಯಾರ್ಥಿಗಳು ಚುಕ್ಕಿ ಮೇಷ್ಟ್ರು ಎನ್ನುತ್ತಿದ್ದರು; ಎದುರು ಕೋಣೆಯಲ್ಲಿ ಭಾಷೆ ಕಲಿಸುತ್ತಿದ್ದ ನನಗೂ ಅದೇ ರೂಢಿಯಾಯಿತು.

ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುವುದು ಅವರ ಅಭ್ಯಾಸ. ಬೂದುಬಣ್ಣದ ಕೋಟಿನ ಎಡತೋಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಅದನ್ನು ಒದರಿ ಒದರಿ ಸೋತ ಅವರ ಹೆಂಡತಿ, ಬಿಳಿಯ ಕೋಟನ್ನೇ ಹೊಲಿಸಿಕೊಳ್ಳಿ ಎಂದು ರೇಗಿದ್ದುಂಟು. ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಮಾತುಗಳು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಊಟ ಹೇಗಿದೆ ಎಂದರೆ ಬಿಸಿಯಾಗಿದೆ ಎನ್ನುವರು.

ಒಂದು ವರ್ಷ ನಗರದಲ್ಲಿ ದಡಾರ ಹಬ್ಬಿದಾಗ, ಯಾವ ಮಕ್ಕಳಿಗೆ ಮೊದಲು ಲಸಿಕೆ ಹಾಕಿದರೆ ರೋಗದ ದಾರಿ ಕಡಿಯುತ್ತದೆಂದು ಅವರ ಚುಕ್ಕಿಗಳೇ ತೋರಿಸಿಕೊಟ್ಟವು. ಬಹಳ ಮಕ್ಕಳು ಉಳಿದರು. ಅಂದಿನಿಂದ ಅವರ ವಿದ್ಯೆಯ ಬಗ್ಗೆ ನನ್ನಲ್ಲೂ ಒಂದು ಬಗೆಯ ಭಕ್ತಿ ಮೂಡಿತ್ತು.

ಮುಂದೆ ಸರ್ಕಾರ ಹಳೆಯ ಸಾರ್ವಜನಿಕ ಆಸ್ಪತ್ರೆಯನ್ನು ಮುಚ್ಚಿ ಜಾಗ ಮಾರಲು ಹೊರಟಿತು. ದಾದಿಯರು, ಬಸ್ಸಿನ ನೌಕರರು, ನಮ್ಮ ವಿದ್ಯಾರ್ಥಿಗಳು ಬೀದಿಗಿಳಿದರು. ಆಗ ಗೃಹ ಇಲಾಖೆಯ ಅಧಿಕಾರಿಯೊಬ್ಬ ಮೇಷ್ಟ್ರ ಕೋಣೆಗೆ ಬಂದ. ಹೆಸರುಗಳನ್ನು ಅಳಿಸಿ, ಯಾರು ಯಾರಿಗೆ ಫೋನ್ ಮಾಡಿದರೆಂಬ ವಿವರ ಮಾತ್ರ ಕೊಡುತ್ತೇವೆ, ಯಾವ ಚುಕ್ಕಿ ತೆಗೆದರೆ ಬಲೆ ಹರಿಯುತ್ತದೆಂದು ಹೇಳಿದರೆ ಸಾಕು ಎಂದ. ಅವನು ಹೋದ ಮೇಲೆ ನಾನು ಬೇಡವೆಂದೆ. ಇದೇನು ರೋಗವೇ, ಜನ ತಮ್ಮ ಆಸ್ಪತ್ರೆ ಕೇಳುತ್ತಿದ್ದಾರೆ ಎಂದೆ.

“ಗೆರೆಗೆ ಪಕ್ಷ ಇರಲ್ಲ ಕಣ್ರೀ,” ಎಂದರು ಮೇಷ್ಟ್ರು. “ಜ್ವರ ಆದ್ರೂ ಅದೇ ಲೆಕ್ಕ, ಜನ ಆದ್ರೂ ಅದೇ ಲೆಕ್ಕ. ನಾನು ಮಾಡದಿದ್ರೆ ಇನ್ಯಾರೋ ತಪ್ಪುತಪ್ಪಾಗಿ ಮಾಡ್ತಾರೆ.”

ಅವರು ಬೊಟ್ಟುಮಾಡಿದ ಚುಕ್ಕಿ ಶಾಲೆಯ ವ್ಯಾನ್ ಓಡಿಸುತ್ತಿದ್ದ ನಡುವಯಸ್ಸಿನ ಹೆಂಗಸಿನದು. ದಾದಿಯರ ಮಕ್ಕಳು, ಬಸ್ ಚಾಲಕರ ಮಕ್ಕಳು, ಪ್ರಾಧ್ಯಾಪಕರ ಮಕ್ಕಳು ಎಲ್ಲರೂ ಅವಳ ವ್ಯಾನಿನಲ್ಲೇ ಹೋಗುತ್ತಿದ್ದರು. ಹಾಗಾಗಿ ತಾಯಂದಿರೆಲ್ಲ ಬೆಳಗೂ ಸಂಜೆಯೂ ಅವಳಿಗೇ ಫೋನ್ ಮಾಡುವರು: ನೀರಿನ ಬಾಟಲಿ ಒಳಗೇ ಉಳಿಯಿತೇ, ಇವತ್ತು ಮಗುವನ್ನು ಅಜ್ಜಿಯ ಮನೆ ಹತ್ತಿರ ಇಳಿಸುತ್ತೀರಾ. ಮಾತು ನಡೆಯಿತೆಂಬುದಷ್ಟೇ ಗೆರೆಗೆ ಗೊತ್ತು. ಏನು ಮಾತೆಂದು ಅದು ಕೇಳುವುದಿಲ್ಲ. ಒಂದು ಮಧ್ಯಾಹ್ನ ಶಾಲೆಯ ಗೇಟಿನೆದುರು, ಮಕ್ಕಳು ನೋಡನೋಡುತ್ತಿದ್ದಂತೆ, ಪೊಲೀಸರು ಅವಳನ್ನು ಕರೆದೊಯ್ದರು. ವ್ಯಾನಿನಲ್ಲಿ ಮೇಷ್ಟ್ರ ಮೊಮ್ಮಗಳೂ ಇದ್ದಳು. ಮನೆಗೆ ಬಂದು ಮೊಮ್ಮಗಳು ಹೇಳಿದಾಗಲೇ ತಮ್ಮ ಚುಕ್ಕಿಗೊಂದು ಮುಖವಿದ್ದದ್ದು ಅವರಿಗೆ ತಿಳಿದದ್ದು.

ಮರುದಿನ ಇಲಾಖೆಗೆ ಹೋದೆವು. ಅವಳಿಗೂ ಚಳವಳಿಗೂ ಸಂಬಂಧವಿಲ್ಲ, ನನ್ನ ಲೆಕ್ಕವನ್ನು ನೀವು ತಪ್ಪಾಗಿ ಓದಿದ್ದೀರಿ ಎಂದು ಮೇಷ್ಟ್ರು ಬಹಳ ಹೊತ್ತು ವಾದಿಸಿದರು. ಅಧಿಕಾರಿ ಸಮಾಧಾನವಾಗಿ ಕೇಳಿಸಿಕೊಂಡ.

“ನಿಮ್ಮ ಲೆಕ್ಕ ಸರಿಯಾಗೇ ಇದೆ ಸರ್. ನಿನ್ನೆಯಿಂದ ಯಾರೂ ಯಾರಿಗೂ ಫೋನ್ ಮಾಡ್ತಿಲ್ಲ.”

ಅದು ನಿಜವಾಗಿತ್ತು. ಮಕ್ಕಳನ್ನು ಕರೆತರುವ ಹೆಂಗಸನ್ನೇ ಹಿಡಿದರೆಂದ ಮೇಲೆ ಯಾರ ಜೊತೆ ಮಾತಾಡಿದರೆ ಏನಾದೀತೋ ಎಂಬ ಅಂಜಿಕೆ ಮನೆಮನೆ ಹೊಕ್ಕಿತು. ಸಭೆಗಳಿಗೆ ಜನ ಬರಲಿಲ್ಲ. ಆಸ್ಪತ್ರೆ ಮುಚ್ಚಿತು. ಮೇಷ್ಟ್ರು ಅವಳ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು, ಕೆಲಸ ಕಳೆದುಕೊಂಡರು. ಆದರೂ ಅವಳು ಹೊರಬರುವಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು.

ಮೇಷ್ಟ್ರು ಅವಳ ಮನೆಗೆ ಹೋದಾಗಲೂ ನಾನು ಜೊತೆಗಿದ್ದೆ. ಬಾಗಿಲನ್ನು ಅರ್ಧ ಮಾತ್ರ ತೆರೆದು, ಅವಳು ಸಿಟ್ಟಿಲ್ಲದೆ ಹೇಳಿದಳು:

“ನನ್ ಜೊತೆ ಮಾತಾಡಿದೋರನ್ನೆಲ್ಲ ಕರೆಸಿ ವಿಚಾರಿಸಿದ್ರು. ಈಗ ಯಾರೂ ಬರಲ್ಲ. ನೀವೂ ಬರಬೇಡಿ ಮೇಷ್ಟ್ರೇ, ನಿಮಗೇ ತೊಂದ್ರೆ.”

ಮೆಟ್ಟಿಲಿಳಿಯುವಾಗ ಅವರು, ತಪ್ಪಾಯಿತು ಎನ್ನಲು ಬಂದಿದ್ದೆ, ಅದಕ್ಕೂ ಆಗಲಿಲ್ಲ ಎಂದರು. ಆಮೇಲೆ ಅವರು ಜನರಿರುವ ಕಡೆಗೆ ಬರುವುದನ್ನೇ ಬಿಟ್ಟರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

ಇಂಥವರನ್ನು ದುಷ್ಟರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಧಿಕಾರಕ್ಕೆ ದುಷ್ಟರ ಕೊರತೆ ಎಂದೂ ಇರುವುದಿಲ್ಲ. ಅದು ಹುಡುಕಿಕೊಂಡು ಬರುವುದು ಪ್ರಾಮಾಣಿಕರನ್ನು, ತಮ್ಮ ವಿದ್ಯೆಗೆ ಬಣ್ಣವಿಲ್ಲವೆಂದು ನಂಬಿ, ಪ್ರಶ್ನೆ ಯಾರದೆಂದು ಕೇಳಲು ಸಂಕೋಚಪಟ್ಟು, ಉತ್ತರವನ್ನು ಮಾತ್ರ ಚೊಕ್ಕಟವಾಗಿ ಒಪ್ಪಿಸುವವರನ್ನು. ಅವರ ಉತ್ತರಗಳು ತಪ್ಪಿದ್ದರೆ ಊರು ಇನ್ನೂ ಮಾತಾಡುತ್ತಿತ್ತೇನೋ.