ಒಳಗಿನ ಫೋಟೋ

ಓಣಿಯ ತಿರುವಿನಲ್ಲೇ ಬೈಕ್ ನಿಲ್ಲಿಸಿ, ಅಮರೇಶ ಕೊರಳಲ್ಲಿದ್ದ ಗುರುತಿನ ಕಾರ್ಡನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಕಂತು ತಪ್ಪಿದವರ ಮನೆಗೆ ಹೋದಾಗ ಅಕ್ಕಪಕ್ಕದವರಿಗೆ ಸಾಲದ ಸುಳಿವು ಸಿಗಬಾರದು ಎಂದು ಏಜೆನ್ಸಿಯಲ್ಲಿ ಮೊದಲ ದಿನವೇ ಹೇಳಿದ್ದರು. ಅಲ್ಲಿನ ನಿಯಮಗಳಲ್ಲಿ ಅವನ ಮನಸ್ಸಿಗೆ ಒಪ್ಪಿದ್ದು ಅದೊಂದೇ. ಜೊತೆಯ ಹನಮೇಶ ಅದನ್ನೂ ಪಾಲಿಸುತ್ತಿರಲಿಲ್ಲ. ಕಾರ್ಡು ಎದೆಯ ಮೇಲೆ ತೂಗಾಡಿಸಿಕೊಂಡು ರಸ್ತೆಯಲ್ಲೇ ನಿಂತು, "ಬ್ಯಾಂಕಿನಿಂದ ಬಂದೇವ್ರಿ, ಹೊರಗ ಬರ್ರಿ" ಎಂದು ಕೂಗುತ್ತಿದ್ದ. ಅವನ ಕೆಲಸ ಲಗೂ ಮುಗಿಯುತ್ತಿತ್ತು.

ಕೆಲಸವೆಂದರೆ ಬ್ಯಾಂಕಿನ ಪರವಾಗಿ ಹೋಗಿ ನೋಡುವುದು, ಅಷ್ಟೇ. ಮನೆಯ ಮೇಲೆ ಸಾಲ ತೆಗೆದವರು ಅದರಲ್ಲೇ ಇದ್ದಾರೆಯೇ, ಬಾಡಿಗೆಗೆ ಕೊಟ್ಟು ಹೋಗಿದ್ದಾರೆಯೇ, ಪಕ್ಕದವರು ಏನು ಹೇಳುತ್ತಾರೆ ಎಂದು ತಿಳಿದುಕೊಂಡು ಫೋಟೋ ತೆಗೆದು ಕಳಿಸಬೇಕು. ಹಣ ಕೇಳುವವರು ಬೇರೆ. ಗೇಟಿನ ಹೊರಗಿನ ಫೋಟೋಗೆ ಅರ್ಧ ಕೂಲಿ, ಮನೆಯವರು ಒಳಗೆ ನಿಂತಿರುವ ಫೋಟೋಗೆ ಪೂರ್ತಿ. ಪೆಟ್ರೋಲು ಅವನದೇ. ಹೋದ ವಾರ ಕೇಶ್ವಾಪುರದಲ್ಲಿ ಒಂದು ಗೇಟು ತೆರೆದು "ಯಾರದೀರಿ" ಎನ್ನುವಷ್ಟರಲ್ಲಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಸರಕಾರಿ ದವಾಖಾನೆಯ ಸಾಲಿನಲ್ಲಿ ಇಂಜೆಕ್ಷನ್ನಿಗೆ ನಿಂತಿದ್ದಾಗ ಸೂಪರ್‌ವೈಸರ್ ಶಶಿಕಾಂತ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಫೋಟೋ ತಗದ್ಯೋ ಇಲ್ಲೋ?" ಅದಕ್ಕೂ ಮೊದಲು ಒಂದು ಕಡೆ ನಾಲ್ಕು ಹುಡುಗರು ಬೈಕಿನ ಕೀಲಿ ಕಸಿದುಕೊಂಡು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂಡಿಸಿದ್ದರು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ನಾಯಿ ಕಚ್ಚಿದ ಮೇಲಿಂದ ಅವನು ಕಳಿಸಿದ್ದೆಲ್ಲ ಹೊರಗಿನ ಫೋಟೋಗಳೇ. "ಗೇಟಿನ ಫೋಟೋ ಹೊಡಿಯಾಕ ನೀ ಯಾಕ ಬೇಕೋ ನನಗ?" ಎಂದಿದ್ದ ಶಶಿಕಾಂತ ಬೆಳಿಗ್ಗೆ. "ಇವತ್ತ ಒಂದರೆ ಒಳಗಿಂದು ಬರಲಿಲ್ಲಂದ್ರ ನಿನ್ನ ಏರಿಯಾ ಬ್ಯಾರೆಯವರಿಗೆ ಕೊಡತೇನಿ ನೋಡು."

ಧಾರವಾಡದ ಕೆಲಗೇರಿ ರಸ್ತೆಯ ಕಡೆಯ ಈ ಮನೆ ಗುರುಬಸವ ಎಂಬವರದು. ಗೇಟಿಗೆ ಒಳಗಿನಿಂದ ಚೈನು ಹಾಕಿತ್ತು. ಎರಡು ಸಲ ಕೂಗಿದ. ಒಳಗೆ ಮಿಕ್ಸರ್ ಓಡುತ್ತಿದ್ದ ಸದ್ದು. ಪಕ್ಕದ ಕಂಪೌಂಡಿನಲ್ಲಿ ಗುಲಾಬಿ ಕುಂಡಗಳಿಗೆ ನೀರು ಹಾಕುತ್ತಿದ್ದ ವಯಸ್ಸಾದ ಹೆಂಗಸು ತಲೆಯೆತ್ತಿದರು.

"ಯಾರು ಬೇಕಾಗಿತ್ರಿ?"

"ಇದು ಗುರುಬಸವ ಅವರ ಮನಿ ಏನ್ರಿ? ಸ್ವಂತದ್ದೇನ್ರಿ?"

"ಸ್ವಂತದ್ದು. ಯಾಕ್ರಿ?"

"ಸುಮ್ನ ಕೇಳಿದ್ನಿರಿ. ಮನ್ಯಾಗ ಯಾರ್ಯಾರು ಇರತಾರ್ರಿ?"

"ಗಂಡ, ಹೆಂಡತಿ, ಒಬ್ಬಾಕಿ ಮಗಳು. ಯಜಮಾನರು ಬೇಲೂರ ಇಂಡಸ್ಟ್ರಿಯಲ್ ಏರಿಯಾದಾಗ ಫಿಟ್ಟರ್ ಅದಾರ."

ರಿಪೋರ್ಟಿನಲ್ಲಿ ಪಕ್ಕದವರ ಅಭಿಪ್ರಾಯ ಎಂಬ ಒಂದು ಖಾನೆ ಉಳಿದಿತ್ತು. "ಮಂದಿ ಹೆಂಗ್ರಿ?" ಎಂದ.

ಆಕೆ ನೀರಿನ ಡಬ್ಬಿ ಕೆಳಗಿಟ್ಟರು. ಮುಖವೆಲ್ಲ ನಗು. "ಹಂಗ ಹೇಳ್ರಿ ಮತ್ತ. ಉಪ್ಪಿನಬೆಟಗೇರಿಯವರ ಪೈಕಿ ಏನು?"

"ಇಲ್ರಿ, ನಾ ಹುಬ್ಬಳ್ಳಿಯಿಂದ—"

"ಹುಬ್ಬಳ್ಳ್ಯಾಗೂ ಅವರ ಮಂದಿ ಐತಂತ. ಹುಡಿಗಿ ವಿಚಾರಸಾಕ ಒಬ್ಬರನ್ನ ಸುಮ್ನ ಕಳಸ್ತಾರಂತ ಅವರವ್ವ ಈರವ್ವ ದಾರಿ ನೋಡಿ ನೋಡಿ ಸಾಕಾಗ್ಯಾಳ."

ಅಮರೇಶನಿಗೆ ಆಗ ಹೊಳೆಯಿತು. ತನ್ನ ತಂಗಿಗೆ ವರ ಗೊತ್ತು ಮಾಡುವ ಮುಂಚೆ ಅವನೂ ಹೀಗೆಯೇ ಒಂದು ಓಣಿಗೆ ಹೇಳದೆ ಕೇಳದೆ ಹೋಗಿದ್ದ. ಮನೆ ಸ್ವಂತದ್ದೇ, ಕೆಲಸ ಎಲ್ಲಿ, ಮಂದಿ ಹೇಗೆ ಎಂದು ಪಕ್ಕದವರನ್ನು ಇದೇ ಮಾತುಗಳಲ್ಲಿ ಕೇಳಿ ಬಂದಿದ್ದ. ತಾನು ವರನ ಕಡೆಯವನಲ್ಲ ಎಂದು ಹೇಳಲು ಬಾಯಿ ತೆರೆದ. ಹಾಗೆಂದರೆ 'ಮತ್ಯಾರು?' ಎಂದು ಕೇಳುತ್ತಾರೆ. ಅದಕ್ಕಿರುವ ಉತ್ತರವನ್ನು ಪಕ್ಕದ ಮನೆಯವರ ಮುಂದೆ ಆಡುವಂತಿಲ್ಲ. ಅವನು ಬೇರೊಂದು ಉತ್ತರ ಹುಡುಕುವಷ್ಟರಲ್ಲಿ ಆಕೆ ಬಂದು, ಗೇಟಿನ ಸಂದಿಯಲ್ಲಿ ಕೈ ಹಾಕಿ ಚೈನು ತೆಗೆದೇಬಿಟ್ಟರು.

"ಈರವ್ವಾ, ಮಿಕ್ಸರ್ ಬಂದ್ ಮಾಡು. ಬಂದಾರ."

ಗೇಟು ತಾನಾಗಿ ತೆರೆಯಿತಲ್ಲ ಎಂಬ ಸಮಾಧಾನ ಅವನಿಗೆ ಒಂದು ಕ್ಷಣ ಆಯಿತು. ಆ ಸಮಾಧಾನಕ್ಕೆ ನಾಚಿಕೊಳ್ಳುತ್ತಲೇ ಒಳಗೆ ಕಾಲಿಟ್ಟ.

ಈರವ್ವ ಸೆರಗಿನಿಂದ ಖುರ್ಚಿ ಒರೆಸಿ ಕೂಡಿಸಿದಳು. ತಂಬಿಗೆಯಲ್ಲಿ ನೀರು ಬಂತು. "ಉಮಾಶ್ರೀ, ಸೀರಿ ಉಟಗೊಂಡು ಬಾರವಾ" ಎಂದು ಒಳಖೋಲಿಯ ಕಡೆಗೆ ಮೆಲ್ಲಗೆ ಹೇಳಿದ್ದು ಅವನಿಗೂ ಕೇಳಿಸಿತು. ಪಕ್ಕದ ಮನೆಯಾಕೆ ಎದುರಿನ ಖುರ್ಚಿಯಲ್ಲಿ ಗಟ್ಟಿಯಾಗಿ ಕುಳಿತರು. ರೂತ್ ಅಂತ ಹೆಸರು, ಮಿಷನ್ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವರು, ಓಣಿಗೆಲ್ಲ ಅಕ್ಕೋರು ಎಂದು ಈರವ್ವ ಪರಿಚಯ ಹೇಳಿದಳು. ಅಕ್ಕೋರು ಏಳುವಂತೆ ಕಾಣಲಿಲ್ಲ. ಅವರು ಎದ್ದು ಹೋಗುವವರೆಗೆ ಖರೇ ಹೇಳುವಂತಿಲ್ಲ.

"ಕಾಲಿಗೆ ಏನಾಗೈತಿ?" ಎಂದರು ಅಕ್ಕೋರು.

"ನಾಯಿ ಕಚ್ಚೇತ್ರಿ."

"ಪಾಪ, ಎಲ್ಲರ ಮನೀನೂ ನೋಡಕೋಂತ ಅಡ್ಡಾಡತೀರಿ ಅಂತ ಕಾಣಸ್ತೈತಿ." ತಾವೇ ನಕ್ಕರು. "ಎಷ್ಟು ಕಲ್ತೀರಿ?"

"ಬಿ.ಎ. ರಿ. ಸಂಜಿ ಕಾಲೇಜು."

"ಸಂಜಿಗೆ ಕಲ್ತ್ರೂ ಕಲ್ತಂಗ. ಹುಡುಗ ನಿಮಗ ಏನಾಗಬೇಕು?"

ಅವನು ತಂಬಿಗೆ ಎತ್ತಿ ನೀರು ಕುಡಿದ. "ನಂದೇನೂ ಇಲ್ರಿ ಇದರಾಗ. ನಾ ನೋಡಿ ಹೇಳಾವ, ಅಷ್ಟ."

"ಎಲ್ಲಾ ಇರೋದು ನೀವು ಹೇಳೂದರ ಮ್ಯಾಲ ಅಲ್ಲೇನ್ರಿ" ಎಂದಳು ಈರವ್ವ.

ಸುಳ್ಳು ಹೇಳಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಿಗಿಂತ ಕೀಳಾಗಿ ಕೇಳಿಸಿತು.

ಈರವ್ವ ಅವನನ್ನು ಎಬ್ಬಿಸಿ ಮನೆ ತೋರಿಸಿದಳು. ದೇವರ ಖೋಲಿ, ಅಡಿಗೆ ಮನೆ, ಮಗಳು ಹೊಲಿಗೆಗೆ ಕೂಡುವ ಜಾಗ, ಹಿತ್ತಲಿನ ನಳ. "ಮ್ಯಾಲ ಇನ್ನೆರಡು ಖೋಲಿ ಕಟ್ಟಸೂ ವಿಚಾರ ಐತ್ರಿ. ಸಾಲ ಸೋಲ ಅಂತ ಏನೂ ಇಲ್ಲ ನಮಗ. ನಮ್ಮ ಮನಿಯವರು ಯಾರ ಕಡೆ ಕೈಗಡ ಸೈತ ತಗೊಂಡಾವರಲ್ಲ." ಗೋಡೆಯ ಮೇಲೆ ಒಂದು ಕಡೆ ಸುಣ್ಣ ಉದುರಿತ್ತು. ಅವಳು ಅದರ ಮುಂದೆ ಹೋಗಿ ನಿಂತು ಮಾತಾಡಿದಳು. ಅಮರೇಶನಿಗೆ ಅವಳ ಮುಖ ನೋಡುವುದಾಗಲಿಲ್ಲ. ಇವಳಿಗೆ ಗೊತ್ತಿಲ್ಲ. ಈ ಮನೆ ಅಡಮಾನದಲ್ಲಿದೆ ಎಂಬುದೇ ಇವಳಿಗೆ ಗೊತ್ತಿಲ್ಲ.

ಅಷ್ಟರಲ್ಲಿ ಮಗಳು ಅವಲಕ್ಕಿ, ಚಹಾ ತಂದಳು. ಅವಸರದಲ್ಲಿ ಉಟ್ಟ ಸೀರೆ, ನೆರಿಗೆ ಒಂದು ಬದಿಗೆ ಸರಿದಿತ್ತು. ಪ್ಲೇಟು ಕೊಡಲು ಬಗ್ಗಿದವಳ ಕಣ್ಣು ಅವನ ಜೇಬಿನ ಮೇಲೆ ನಿಂತಿತು. ಕಾರ್ಡಿನ ನೀಲಿ ಪಟ್ಟಿ ಹೊರಗೆ ಜೋತುಬಿದ್ದಿತ್ತು. ಅದರ ಮೇಲೆ ಏಜೆನ್ಸಿಯ ಹೆಸರಿತ್ತು.

ಅವಳು ಪ್ಲೇಟನ್ನು ಅವನ ಕೈಗೆ ಸರಿಯಾಗಿ ಹಿಡಿಸಿದಳು. "ಅಣ್ಣಾವರ, ಜೇಬಿನ್ಯಾಗಿಂದು ಬೀಳಾಕತ್ತೈತಿ ನೋಡ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿ ಹಿಂದೆ ಸರಿದಳು.

ಅವನು ಪಟ್ಟಿಯನ್ನು ಒಳಗೆ ತುರುಕಿದ. ಅಕ್ಕೋರು ಹುಡುಗಿಯ ಹೊಲಿಗೆ ಹೊಗಳುತ್ತಿದ್ದರು. ಈರವ್ವ ಇನ್ನೊಂದು ಚಮಚೆ ಅವಲಕ್ಕಿ ಹಾಕಿದಳು. ಬೇಡ ಎನ್ನಲೂ ಅವನಿಗೆ ಧೈರ್ಯವಾಗಲಿಲ್ಲ. ತಿಂದು ಎದ್ದು ಹೋಗಿಬಿಡುತ್ತೇನೆ, ಫೋಟೋನೂ ಬೇಡ ಏನೂ ಬೇಡ ಎಂದುಕೊಂಡು ಎದ್ದ.

"ಫೋಟೋ ಬೇಕಲ್ರಿ ನಿಮಗ?" ಎಂದಳು ಉಮಾಶ್ರೀ.

"ನೋಡ್ರಿ ಈಗಿನ ಹುಡಿಗ್ಯಾರನ್ನ" ಎಂದರು ಅಕ್ಕೋರು. "ನಮ್ಮ ಕಾಲಕ್ಕ ತಲಿ ಎತ್ತತಿದ್ದಿಲ್ಲ."

"ಇರಲಿಬಿಡ್ರಿ, ಬ್ಯಾಡ" ಎಂದ ಅಮರೇಶ.

"ತಗೀರಿ. ಇಲ್ಲಂದ್ರ ಮತ್ತೊಮ್ಮೆ ಬರೂದಾಗತೈತಿ." ಅವಳು ಅವನನ್ನೇ ನೋಡುತ್ತಿದ್ದಳು. "ಮನಿಯವರು ಒಳಗ ನಿಂತದ್ದ ಬೇಕಲ್ಲ? ಅವ್ವಾ, ಬಾ ಇಲ್ಲೆ."

ಈರವ್ವ ಹಿಗ್ಗಿ ಬಂದಳು. ಸೆರಗು ಸರಿಮಾಡಿಕೊಂಡಳು, ಮಗಳ ನೆರಿಗೆ ತಿದ್ದಿದಳು, "ನಗವಾ" ಎಂದಳು. ಉಮಾಶ್ರೀ ಅವ್ವನ ಹೆಗಲ ಮೇಲೆ ಕೈಯಿಟ್ಟು ನಕ್ಕಳು. ಅಮರೇಶ ಫೋನೆತ್ತಿ ಬಟನ್ ಒತ್ತಿದ. ಏಜೆನ್ಸಿಯ ಆ್ಯಪಿನಲ್ಲಿ ತೆಗೆದ ಫೋಟೋ ಕೈಯಲ್ಲಿ ಉಳಿಯುವುದಿಲ್ಲ, ಅಳಿಸಲೂ ಬರುವುದಿಲ್ಲ. ತೆಗೆದ ಕೂಡಲೇ ಹೋಗಿಬಿಡುತ್ತದೆ. ಹೋಯಿತು.

ಅಕ್ಕೋರು ಹಾಲು ಒಲೆಯ ಮೇಲಿದೆ ಎಂದು ಎದ್ದು ಹೋದರು. ಈರವ್ವ ತಟ್ಟೆ ಎತ್ತಿಕೊಂಡು ಒಳಗೆ ನಡೆದಳು. "ಗೇಟಿನ ಚೈನು ಬಿಗಿ ಐತ್ರಿ" ಎಂದು ಉಮಾಶ್ರೀ ಅವನ ಹಿಂದೆ ಅಂಗಳಕ್ಕೆ ಬಂದಳು.

"ಬಂದಕೂಡ್ಲೆ ಹೇಳಬೇಕಾಗಿತ್ರೀ ನಾ" ಎಂದ ಅವನು. "ಅಕ್ಕೋರ ಮುಂದ ಹೆಂಗ..."

"ಹೇಳಲಿಲ್ಲ, ಛಲೋ ಆತು." ಕ್ಷಮಿಸಿದ ದನಿಯಲ್ಲ ಅದು. "ಅಪ್ಪನ ಕಂಪನ್ಯಾಗ ಪಗಾರ ನಿಂತೈತಿ. ಅವ್ವಗ ಏನೂ ಗೊತ್ತಿಲ್ಲ. ನಿಮ್ಮವರು ಹ್ವಾದ ಸಲ ಗೇಟಿಗೆ ಸಿಗಿಸಿ ಹೋಗಿದ್ದ ಚೀಟಿ ನಾನ ತಗದಿಟ್ಟೇನಿ, ಒಳಗಿನ ಫೋಟೋ ಬೇಕಂತ ಅದರಾಗ ಬರದಿತ್ತು. ಈಗ ಅವ್ವ ಬೆಟಗೇರಿಯಿಂದ ಫೋನ್ ಬರತೈತಿ ಅಂತ ಕುಂದರತಾಳ. ಬರಲಿಲ್ಲಂದ್ರ, ನೋಡಿಹ್ವಾದವರು ಒಲ್ಲೆ ಅಂದ್ರು ಅಂತ ಓಣಿ ತುಂಬ ಆಗತೈತಿ."

"ನಾ ಏನ್ ಮಾಡ್ಲಿರಿ?"

"ಅಕ್ಕೋರು ಕೇಳತಾರ, ಅಲ್ಲೇ ನಿಂತಿರತಾರ. ಬೆಟಗೇರಿಯವರಲ್ಲ, ಬ್ಯಾರೆ ಕಡೆಯವರು ಅನ್ರಿ. ಹುಡಿಗೀನ ಒಲ್ಲೆ ಅಂದ್ಲು ಅನ್ರಿ. ಅವ್ವಗ ನಾ ಹೇಳಕೋತೇನಿ."

"ಯಾಕ ಒಲ್ಲೆ ಅಂದ್ರಿ ಅಂತ ಕೇಳಿದ್ರ?"

ಅವಳು ಅವನ ಕಾಲಿನ ಬ್ಯಾಂಡೇಜನ್ನು, ಸವೆದ ಕಾಲರನ್ನು ನೋಡಿದಳು. "ಹುಡುಗಗ ಕಾಯಂ ನೌಕರಿ ಇಲ್ಲ ಅನ್ರಿ."

ಗೇಟು ಹಾಕಿಕೊಂಡಳು.

ಅಕ್ಕೋರು ಗುಲಾಬಿ ಕುಂಡಗಳ ಹತ್ತಿರ ನಿಂತೇ ಇದ್ದರು. "ಹೆಂಗಾತ್ರಿ? ಮನಸಿಗೆ ಬಂತಿಲ್ಲೋ?"

"ನಾ ಬೆಟಗೇರಿಯವರ ಪೈಕಿ ಅಲ್ರೀ ಅಕ್ಕೋರ. ಬ್ಯಾರೆ ಕಡೆಯಾವ. ಹುಡಿಗಿ ಒಲ್ಲೆ ಅಂದ್ಲು."

"ಒಲ್ಲೆ? ಯಾಕ?"

"ಹುಡುಗಗ ಕಾಯಂ ನೌಕರಿ ಇಲ್ರಿ."

"ಏನ್ ಮಾಡತಾನ ಮತ್ತ?"

"ಒಂದು ಏಜೆನ್ಸ್ಯಾಗ ಅದಾನ್ರಿ. ಊರೂರು ತಿರಗೂದು."

"ಪಗಾರ?"

"ತಿರಗಿದಷ್ಟು."

ಅಕ್ಕೋರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಶಾಲೆಯಲ್ಲಿ ಲೆಕ್ಕ ತಪ್ಪಿದವರನ್ನು ಹಾಗೆಯೇ ನೋಡುತ್ತಿದ್ದಿರಬೇಕು. "ಅಂಥಾವಗ ಬಂಗಾರದಂಥಾ ಹುಡಿಗಿ ಕೇಳಾಕ ಬಂದೀರಿ. ಅವಲಕ್ಕಿ ತಿಂದ್ರ್ಯೋ ಇಲ್ಲೋ?"

"ತಿಂದ್ನಿರಿ."

"ಅದೊಂದು ಮರೀಲಿಲ್ಲ ನೋಡ್ರಿ" ಎಂದು ಒಳಗೆ ಹೋದರು.

ತಿರುವಿಗೆ ಬಂದು ಬೈಕಿಗೆ ಕೀಲಿ ಹಾಕುವಾಗ ಶಶಿಕಾಂತನ ಫೋನು ಬಂತು.

"ಏನ್ ಫೋಟೋಪಾ ಅದು, ಅಮರೇಶ. ತಾಯಿ ಮಗಳು ಹೆಂಗ ನಕ್ಕೋಂತ ನಿಂತಾರ. ನಮ್ಮ ಫೋನ್ ಕಂಡ್ರ ಮಂದಿ ಮಾರಿ ಮುಚ್ಚಿಕೊಳ್ಳತಾರ. ನಾಳಿ ಮೀಟಿಂಗಿನ್ಯಾಗ ಎಲ್ಲಾರಿಗೂ ತೋರಸತೇನಿ. ಒಳಗಿನ ಫೋಟೋ ಅಂದ್ರ ಹಿಂಗಿರಬೇಕು ಅಂತ."

"ಅದನ್ನ ತೋರಸಬ್ಯಾಡ್ರಿ ಸರ್."

"ಯಾಕೋ? ನಿಮ್ಮ ಪೈಕಿ ಏನು?"

ಅಮರೇಶನಿಗೆ ಬೇರೇನೂ ತೋಚಲಿಲ್ಲ. "ಹೌದ್ರಿ" ಎಂದ. "ನಮ್ಮ ಪೈಕಿ."

"ಮೊದಲ ಹೇಳಬಾರದೇನೋ. ಪೈಕಿಯವರ ಮನಿ ರಿಪೋರ್ಟು ನಡಿಯೂದಿಲ್ಲ, ಗೊತ್ತಿಲ್ಲೇನ್ ನಿನಗ? ಇದನ್ನ ಕ್ಯಾನ್ಸಲ್ ಮಾಡತೇನಿ. ಮುಂಜಾನೆ ಹನಮೇಶನ್ನ ಕಳಸತೇನಿ ಅಲ್ಲಿಗೆ."

ಹನಮೇಶ ರಸ್ತೆಯಲ್ಲಿ ನಿಂತು ಕೂಗುವುದು, ಮಿಕ್ಸರ್ ನಿಲ್ಲುವುದು, ಅಕ್ಕೋರು ನೀರಿನ ಡಬ್ಬಿ ಹಿಡಿದು ತಲೆಯೆತ್ತುವುದು ಎಲ್ಲ ಅವನ ಕಣ್ಣ ಮುಂದೆ ಬಂತು.

"ಪೈಕಿ ಅಲ್ರಿ ಸರ್. ಸುಮ್ನ ಅಂದೆ."

"ಒಂದು ಖರೇ ಹೇಳೋ ಮಾರಾಯಾ. ಹೌದೋ ಅಲ್ಲೋ?"

"ಅಲ್ರಿ. ಅವರು ಯಾರಂತ ನನಗ ಗೊತ್ತಿಲ್ರಿ."

"ಹಂಗಾರ ತೋರಸಾಕ ನಿನಗೇನಪಾ?"

ಅಂಗಿಯ ತೋಳಿಗೆ ಅವಲಕ್ಕಿಯ ಕೊತ್ತಂಬರಿ ಎಸಳೊಂದು ಅಂಟಿಕೊಂಡಿತ್ತು. ಅವನು ಅದನ್ನು ಬಿಡಿಸಿ ತೆಗೆದ.

"ಏನಿಲ್ರಿ" ಎಂದ. "ತೋರಸ್ರಿ."